ನೇಗಿಲು ಕಾಣದ ಹೋರಿ



ನಾನು ಮೆಣಸಿನಕಾಯಿ ದಲಾಲಿ. ಹುಟ್ಟಿದ್ದು ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ಮೂವತ್ತೊಂದು ವರ್ಷದಿಂದ ಅಂಗಡಿ ಇಟ್ಟುಕೊಂಡಿರುವುದು ನಾಗಪುರದ ಕಳಮನಾದಲ್ಲಿ. ಊರಿನ ಪೂರ್ವಕ್ಕಿರುವ ಈ ಕೃಷಿ ಮಾರುಕಟ್ಟೆಗೆ ಕಾಗದದ ಮೇಲೆ ಪಂಡಿತ ಜವಾಹರಲಾಲ ನೆಹರೂ ಮಾರ್ಕೆಟ್ ಯಾರ್ಡ್ ಎಂದು ಹೆಸರು. ಆ ಹೆಸರು ಹೇಳಿದರೆ ಆಟೊದವನು ತಲೆ ಕೆರೆದುಕೊಳ್ಳುತ್ತಾನೆ, ಕಳಮನಾ ಎಂದರೆ ಸಾಕು. ನವೆಂಬರ್-ಡಿಸೆಂಬರಿನಲ್ಲಿ ಅಂಬಿಯಾ ಬಹಾರದ ಕಿತ್ತಳೆ, ಫೆಬ್ರವರಿ ಬಂತೆಂದರೆ ಮೃಗ ಬಹಾರದ ಕಿತ್ತಳೆ. ನಮ್ಮ ಕಡೆ ಮಾತ್ರ ಕೆಂಪು ರಾಶಿ. ಭಿವಾಪುರದ ಕಾಯಿ ಬರುತ್ತದೆ, ಗುಂಟೂರಿನದು ಬರುತ್ತದೆ, ನಮ್ಮೂರಿನದೂ ಬರುತ್ತದೆ. ಹೊಸಬರು ಹತ್ತು ನಿಮಿಷ ನಿಂತರೆ ಸೀನುತ್ತಾರೆ. ನಾವೂ ಸೀನುತ್ತೇವೆ, ಲೆಕ್ಕ ಇಡುವುದಿಲ್ಲ ಅಷ್ಟೇ.

ಇಂಥ ಅಂಗಳಕ್ಕೆ ಅರ್ಧ ಕೋಟಿ ದಾಟಿದ ವಿದ್ಯುತ್ ಕಾರೊಂದನ್ನು ತಂದು ನಿಲ್ಲಿಸಿದವನು ನಾನು. ಕಂಪನಿಯ ಹೆಸರು ಹೇಳುವಂತಿಲ್ಲ, ಆಕಾಶವಾಣಿಯಲ್ಲಿ ಅದು ಜಾಹೀರಾತಾದೀತು. ಮುಂದೆ ನಾನು ಹೇಳುವ ಒಂದೆರಡು ಮಾತು ಕೇಳಿದರೆ ಕಂಪನಿಯವರಿಗೂ ಹೆಸರು ಬೇಡ ಅನ್ನಿಸೀತು. ಬಣ್ಣ ಕೆಂಪು. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗಕ್ಕೆ ನಾಲ್ಕು ಸೆಕೆಂಡಿನೊಳಗೆ ಮುಟ್ಟುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದರ ಬಣ್ಣ ತೆಗೆದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ವರೆಗೂ ಒಯ್ಯುತ್ತಾರೆ. ಗುಂಟೂರಿನದು ನಾಲಗೆಗೆ ಇಟ್ಟ ಕ್ಷಣವೇ ಕಚ್ಚುತ್ತದೆ. ನಮ್ಮ ಧಂದೆಯ ಮಾತಿನಲ್ಲಿ ಈ ಕಾರಿನ ವರ್ಣನೆ ಇಷ್ಟೇ: ಬಣ್ಣ ಬ್ಯಾಡಗಿಯದು, ಚುರುಕು ಗುಂಟೂರಿನದು.

ಆ ಚುರುಕಿನ ಗುಟ್ಟು ದೊಡ್ಡದೇನಲ್ಲ. ಪೆಟ್ರೋಲ್ ಎಂಜಿನ್ನಿಗೆ ಮೊದಲು ಮೈ ಬಿಸಿಯಾಗಬೇಕು, ಸುತ್ತು ಏರಬೇಕು, ಗೇರು ಬದಲಾಗಬೇಕು, ಆಮೇಲೆ ಕಸುವು. ವಿದ್ಯುತ್ ಮೋಟರಿಗೆ ಪೂರ್ತಿ ಕಸುವು ಮೊದಲ ಸುತ್ತಿನಲ್ಲೇ ಸಿಗುತ್ತದೆ. ಕಾಲು ಒತ್ತಿದಿರೋ, ಬೆನ್ನು ಸೀಟಿಗೆ ಅಂಟಿತು. ಅರವತ್ತು ಮೀಟರಿನ ಸುಮಾರಿಗೆ ನೂರರ ವೇಗ. ಅರವತ್ತು ಮೀಟರೆಂದರೆ ನನ್ನ ಅಂಗಡಿಯಿಂದ ಚಹಾದ ಗಾಡಿಯವರೆಗೆ. ಕಾಲು ತೆಗೆದರೆ ಕಾರು ತಾನೇ ನಿಧಾನವಾಗುತ್ತದೆ, ಆಗ ಅದೇ ಮೋಟರು ಜನರೇಟರಾಗಿ ಒಂದಿಷ್ಟು ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ. ಕೊಟ್ಟ ದಲಾಲಿಯಲ್ಲಿ ಸ್ವಲ್ಪ ವಾಪಸು ಬಂದ ಹಾಗೆ. ನಮ್ಮಲ್ಲಿ ಇದು ಎಂದೂ ಆಗುವುದಿಲ್ಲ, ಅದಕ್ಕೇ ನನಗೆ ಈ ಗುಣ ಬಹಳ ಹಿಡಿಸಿತು.

ಕಾರು ಬಂದ ದಿನ ನಮ್ಮವ್ವ ಊರಿನಿಂದ ಬಂದಿದ್ದಳು. ಸುತ್ತು ಹಾಕಿದಳು, ಕೈಯಿಂದ ಬಾನೆಟ್ ಸವರಿದಳು.

“ಇದರಾಗ ಎಷ್ಟು ಚೀಲ ಹಿಡಿತಾವೋ?”

“ಚೀಲ ಹೇರಾಕಲ್ಲವ್ವಾ ಇದು.”

“ಮತ್ತ ಹೊಲಕ್ಕ ಒಯ್ತೀಯೇನು?”

“ಇಲ್ಲವ್ವಾ.”

“ಉಳೂದಿಲ್ಲ, ಹೇರೂದಿಲ್ಲ. ಹಂಗಾರ ಹೋರಿ ಅನ್ನು.”

ಹಾವೇರಿ ಕಡೆಯ ಕೇಳುಗರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ನಮ್ಮಲ್ಲಿ ದೀಪಾವಳಿಗೆ ಹೋರಿ ಬೆದರಿಸುವ ಹಬ್ಬ. ಒಂದು ಹೋರಿಯನ್ನು ವರ್ಷವಿಡೀ ಸಾಕುತ್ತಾರೆ. ಹುರುಳಿ, ಹತ್ತಿಕಾಳು, ಬೆಲ್ಲ, ಮೊಟ್ಟೆ, ಕೆಲವರು ಬಾದಾಮಿಯನ್ನೂ ತಿನ್ನಿಸುತ್ತಾರೆ. ಕೆರೆಯಲ್ಲಿ ಈಜಿಸುತ್ತಾರೆ. ಅದರ ಹೆಗಲಿಗೆ ನೊಗ ಇಡುವುದಿಲ್ಲ. ಹಬ್ಬ ಬಂದಾಗ ಕೊರಳಿಗೆ ಒಣಕೊಬ್ಬರಿಯ ಸರ, ಕೋಡಿಗೆ ಬಲೂನು, ಮೈಮೇಲೆ ಜೂಲ. ಎರಡೂ ಬದಿ ಜನ ಒತ್ತಿ ನಿಂತ ಓಣಿಯಂಥ ಅಖಾಡದಲ್ಲಿ ಬಿಡುತ್ತಾರೆ. ಹುಡುಗರು ಕೊಬ್ಬರಿ ಹರಿಯಲು ಮೇಲೆ ಬೀಳುತ್ತಾರೆ. ಯಾರ ಕೈಗೂ ಸಿಗದೆ ಓಡಿಹೋದರೆ ಹೋರಿ ಗೆದ್ದಿತು. ವರ್ಷದ ಮೇವು ಕೆಲವೇ ಸೆಕೆಂಡಿನ ಓಟಕ್ಕೆ. ಯಾರೂ ಅಲ್ಲಿ ನಿಂತು ಲಾಭ-ನಷ್ಟ ಕೂಡಿಸುವುದಿಲ್ಲ. ನನ್ನ ತಮ್ಮ ಊರಲ್ಲಿ ಅಂಥದ್ದೊಂದನ್ನು ಸಾಕಿದ್ದಾನೆ. ಅದು ದಂಡದ ಖರ್ಚು ಎಂದು ಅವನಿಗೆ ಇಪ್ಪತ್ತು ವರ್ಷ ಬುದ್ಧಿ ಹೇಳಿದವನು ನಾನೇ. ಅವ್ವ ಅದನ್ನೆಲ್ಲ ಒಂದೇ ಮಾತಿನಲ್ಲಿ ನನಗೆ ಬಡ್ಡಿಸಮೇತ ತೀರಿಸಿದಳು.

ಕಾರನ್ನು ಮಗ ಬುಕ್ ಮಾಡಿಸಿದ್ದು 2024ರ ಫೆಬ್ರವರಿಯಲ್ಲಿ. ಮಾರ್ಚ್ 11ಕ್ಕೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಏನಾಯಿತೆಂದು ನಿಮಗೆ ನೆನಪಿರಬೇಕು. ದರ ಕುಸಿದ ಸಿಟ್ಟಿಗೆ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಹೊತ್ತಿ ಉರಿದವು. ಆ ರಾತ್ರಿ ನಾನು ಫೋನಿನಲ್ಲಿ ಆ ಬೆಂಕಿಯ ಚಿತ್ರ ನೋಡುತ್ತ ಕೂತಿದ್ದೆ, ಪಕ್ಕದಲ್ಲಿ ಕಾರಿನ ಮುಂಗಡದ ರಸೀದಿ. ರದ್ದು ಮಾಡೋಣವೆಂದೆ. ಮಗ “ಅಪ್ಪಾ, ನಾವು ರದ್ದು ಮಾಡಿದ್ರ ಕಾಯಿ ದರ ಏರ್ತೈತೇನು?” ಎಂದ. ಅವನ ತರ್ಕ ತಪ್ಪಲ್ಲ. ಆದರೂ ನನಗೆ ಅದು ಇವತ್ತಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಅದೇ ವರ್ಷ ಕರ್ನಾಟಕ 25 ಲಕ್ಷಕ್ಕಿಂತ ಮೇಲಿನ ವಿದ್ಯುತ್ ಕಾರುಗಳಿಗೆ ಶೇಕಡಾ 10 ಆಜೀವ ತೆರಿಗೆ ಹಾಕಿತು. ಮಹಾರಾಷ್ಟ್ರದಲ್ಲಿ ಆಗ ರಸ್ತೆ ತೆರಿಗೆ ಪೂರ್ತಿ ಮಾಫಿ, ಜಿಎಸ್‌ಟಿ ಬರೀ ಶೇಕಡಾ 5. ನನ್ನ ಅಂಗಡಿಗೆ ಕಾಯಿ ತರುವವನ ಡೀಸೆಲ್ ಟೆಂಪೋಗೆ ತೆರಿಗೆ ಉಂಟು, ನನ್ನ ಹೋರಿಗೆ ಇಲ್ಲ. ಪರಿಸರದ ಹೆಸರಲ್ಲಿ ನನಗೆ ಉಳಿದ ಲಕ್ಷಗಳನ್ನು ನಾನು ಬೇಡವೆನ್ನಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮೊದಲ ವಾರ ಅದನ್ನು ಯಾರ್ಡಿನೊಳಗೇ ಒಯ್ದೆ. ಸಪ್ಪಳವಿಲ್ಲದ ಗಾಡಿ ಎಷ್ಟು ತೊಂದರೆಯದೆಂದು ಅಲ್ಲಿ ತಿಳಿಯಿತು. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಬಾಗಿ ನಡೆಯುತ್ತಾರೆ, ತಲೆಗೆ ಬಟ್ಟೆ ಸುತ್ತಿರುತ್ತಾರೆ. ಅವರಿಗೆ ಕಣ್ಣಿಗಿಂತ ಕಿವಿ ಆಧಾರ. ಲಾರಿಯ ಗುರುಗುಟ್ಟುವಿಕೆ, ಟ್ರ್ಯಾಕ್ಟರಿನ ಡುಗುಡುಗು ಕೇಳಿ ಬದಿಗೆ ಸರಿಯುವುದು ಅವರಿಗೆ ಅಭ್ಯಾಸ. ನನ್ನ ಕಾರು ನಿಧಾನವಾಗಿ ಹೋಗುವಾಗ ಜನರ ಎಚ್ಚರಿಕೆಗೆಂದು ಒಂದು ಸಣ್ಣ ಗುಂಯ್ ದನಿ ಹೊರಡಿಸುತ್ತದೆ. ಹರಾಜಿನ ಕೂಗಿನ ನಡುವೆ ಅದನ್ನು ಕೇಳುವವರು ಯಾರು? ನಮ್ಮದೇ ಗುಂಪಿನ ಹಮಾಲನೊಬ್ಬನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ಹೋಗಿ ನಿಂತೆ. ಅವನು ಚೀಲ ಇಳಿಸಿ, ತಿರುಗಿ ನೋಡಿ, “ಶೇಠ್, ಗಾಡೀ ಹೈ ಕಿ ಭೂತ್?” ಎಂದ. ಅವತ್ತಿನಿಂದ ಗೇಟಿನ ಹೊರಗೇ ನಿಲ್ಲಿಸಿ ನಡೆದುಕೊಂಡು ಹೋಗುತ್ತೇನೆ.

ಆ ಒಂದು ವಾರದಲ್ಲಿ ಇನ್ನೊಂದು ಅನುಭವವಾಯಿತು. ಕಾರಿನ ಒಳಗಾಳಿಗೆ ಬಹಳ ಸಣ್ಣ ಕಣಗಳನ್ನೂ ತಡೆಯುವ ಜಾಲರಿ ಇದೆ. ಗಾಜು ಏರಿಸಿ ಮೆಣಸಿನಕಾಯಿ ರಾಶಿಗಳ ನಡುವೆ ಕೂತೆ. ಘಾಟಿಲ್ಲ. ಕಣ್ಣು ಉರಿಯಲಿಲ್ಲ, ಗಂಟಲು ಕೆರೆಯಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಮಾರುಕಟ್ಟೆಯಲ್ಲಿ ಸೀನದೆ ಕೂತಿದ್ದೆ. ಗಾಜಿನಾಚೆ ಉಮರೇಡ ಕಡೆಯ ರೈತನೊಬ್ಬ ತನ್ನ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಟವೆಲಿನಿಂದ ಮೂಗು ಒರೆಸಿಕೊಳ್ಳುತ್ತ, ನನ್ನನ್ನೇ ನೋಡುತ್ತಿದ್ದ. ಐಷಾರಾಮಿ ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ತೊಗಲಿನ ಸೀಟು, ಹದಿನೈದಿಂಚಿನ ಪರದೆ, ಹನ್ನೆರಡು ಸ್ಪೀಕರು ಅನ್ನುವುದಿಲ್ಲ, ಆ ಗಾಜು ಅನ್ನುತ್ತೇನೆ. ಗಾಜು ಇಳಿಸಿದೆ. ಇಬ್ಬರೂ ಒಟ್ಟಿಗೇ ಸೀನಿದೆವು.

ವಿದ್ಯುತ್ ಕಾರು ನಾಗಪುರಕ್ಕೆ ಹೊಸದಲ್ಲ. 2017ರ ಮೇ 26ರಂದು ಇಲ್ಲಿ ಇನ್ನೂರು ವಿದ್ಯುತ್ ವಾಹನಗಳ ಟ್ಯಾಕ್ಸಿ ಯೋಜನೆ ಶುರುವಾದಾಗ ದೇಶವೇ ನೋಡಿತ್ತು. ಆಗ ಓಡಿದ ಕಾರುಗಳಲ್ಲಿ ಮಹೀಂದ್ರದ ಇ2ಒ ಪ್ಲಸ್ ಇತ್ತು, ಅದರ ಬೇರು ನಮ್ಮ ಬೆಂಗಳೂರಿನದು. ಚೇತನ್ ಮೈನಿಯವರು ಬೊಮ್ಮಸಂದ್ರದಲ್ಲಿ ಕಟ್ಟಿ 2001ರಲ್ಲಿ ಮಾರಾಟಕ್ಕೆ ತಂದ ರೇವಾದ ಮೊಮ್ಮಗ ಅದು. ರೇವಾ ಲಂಡನ್ನಿನ ಬೀದಿಯಲ್ಲಿ ಜಿ-ವಿಜ್ ಎಂಬ ಹೆಸರಲ್ಲಿ ಓಡಾಡಿತು, 2010ರಲ್ಲಿ ಮಹೀಂದ್ರದ ಪಾಲಾಯಿತು. ನೋಡಿದವರಿಗೆ ನೆನಪಿರಬಹುದು, ಎರಡು ಬಾಗಿಲು, ಸೀಸದ ಬ್ಯಾಟರಿ, ಒಂದು ಸಲ ತುಂಬಿಸಿದರೆ ಎಂಬತ್ತು ಕಿಲೋಮೀಟರ್. ಅದನ್ನು ನೋಡಿ ನಗುವವರೇ ಹೆಚ್ಚು. ನಾಗಪುರದ ಆ ಟ್ಯಾಕ್ಸಿ ಚಾಲಕರಂತೂ ಚಾರ್ಜಿಂಗಿಗೆ ಗಂಟೆಗಟ್ಟಲೆ ಸಾಲು ನಿಂತು ಬೇಸತ್ತರು. ಟ್ಯಾಕ್ಸಿ ದುಡಿಯುವ ಎತ್ತು, ನಿಂತ ಗಂಟೆ ಕೂಲಿ ಹೋದ ಗಂಟೆ. ನನ್ನದು ಹೋರಿ, ರಾತ್ರಿಯೆಲ್ಲ ಅಂಗಳದಲ್ಲಿ ನಿಂತು ಮೇಯಬಹುದು. ಒಂದೇ ಊರು, ಒಂದೇ ಕರೆಂಟು, ಒಬ್ಬನ ಗೋಳು ಇನ್ನೊಬ್ಬನಿಗೆ ಅನುಕೂಲ.

ಇನ್ನೂ ಹಿಂದಕ್ಕೆ ಹೋದರೆ, ನೂರು ಕಿಲೋಮೀಟರ್ ವೇಗ ದಾಟಿದ ಮೊದಲ ಕಾರೇ ವಿದ್ಯುತ್ತಿನದು. 1899ರ ಏಪ್ರಿಲ್ 29, ಪ್ಯಾರಿಸ್ಸಿನ ಹತ್ತಿರ, ಕಮೀಲ್ ಜೆನಾಟ್ಜಿ ಎಂಬ ಬೆಲ್ಜಿಯಂನವನು, ಮದ್ದಿನ ಗುಂಡಿನ ಆಕಾರದ ಬಂಡಿ, ಗಂಟೆಗೆ 105 ಕಿಲೋಮೀಟರಿಗೂ ಮೇಲೆ. ಆ ಬಂಡಿಗೆ ಅವನಿಟ್ಟ ಫ್ರೆಂಚ್ ಹೆಸರಿನ ಅರ್ಥ “ಎಂದೂ ತೃಪ್ತಿಯಾಗದವಳು”. ಕಾರು ಮಾರುವವರೆಲ್ಲ ಆವತ್ತಿನಿಂದ ಅದೇ ಹೆಸರಿನ ಮೇಲೆ ಬದುಕುತ್ತಿದ್ದಾರೆ.

ನಾಗಪುರದ ಬಿಸಿಲಿನ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ರೋಹಿಣಿ ಅಂದರೆ ಮಳೆ, ಬಿತ್ತನೆಯ ಮಾತು. ಇಲ್ಲಿ ಸೂರ್ಯ ರೋಹಿಣಿಗೆ ಬಂದನೆಂದರೆ ನೌತಪಾ, ಒಂಬತ್ತು ದಿನದ ಬೆಂಕಿ. ಕಾರು ಬಂದು ಒಂದೂವರೆ ತಿಂಗಳಿಗೆ, 2024ರ ಮೇ ಕೊನೆಯಲ್ಲಿ, ಇಲ್ಲಿಯ ಒಂದು ಸ್ವಯಂಚಾಲಿತ ಮಾಪಕ 56 ಡಿಗ್ರಿ ತೋರಿಸಿ ದೇಶಕ್ಕೆಲ್ಲ ಸುದ್ದಿಯಾಯಿತು. ಆಮೇಲೆ ಹವಾಮಾನ ಇಲಾಖೆ ಮಾಪಕವೇ ಕೆಟ್ಟಿತ್ತೆಂದಿತು. ಕೆಟ್ಟದ್ದು ಬಿಡಿ, ಕೆಡದ ಮಾಪಕಗಳು ತೋರಿಸಿದ್ದೇ ಸಾಕಿತ್ತು. ಲಿಥಿಯಂ ಬ್ಯಾಟರಿಯ ಜೀವ ಮನುಷ್ಯನದಿದ್ದಂತೆ, ಅದಕ್ಕೆ ಬೇಕಾದದ್ದು ಇಪ್ಪತ್ತು-ಮೂವತ್ತು ಡಿಗ್ರಿಯ ಹದ. ಬಿಸಿ ಹೆಚ್ಚಾದರೆ ವೇಗವಾಗಿ ತುಂಬಿಸಿಕೊಳ್ಳುವುದಿಲ್ಲ. ಕಾರು ಸುಮ್ಮನೆ ನಿಂತಿದ್ದರೂ ಒಳಗಿನ ಪಂಪು, ಫ್ಯಾನು ಓಡಿ ಬ್ಯಾಟರಿಯನ್ನು ತಣಿಸುತ್ತವೆ. ಮಧ್ಯಾಹ್ನ ಮೂರಕ್ಕೆ ಅಂಗಳದಲ್ಲಿ ಯಾರೋ ಏದುಸಿರು ಬಿಟ್ಟಂತೆ ಕೇಳಿದರೆ ಅದು ನಮ್ಮ ಕಾರು. ಬಿಸಿಲಲ್ಲಿ ನಿಲ್ಲಿಸಬೇಡಿ, ಪೂರ್ತಿ ತುಂಬಿಸಿ ದಿನಗಟ್ಟಲೆ ಇಡಬೇಡಿ, ಪೂರ್ತಿ ಖಾಲಿಯೂ ಮಾಡಬೇಡಿ. ನಾನು ತಗಡಿನ ಛಾವಣಿ ಹಾಕಿಸಿ, ಮೇಲೆ ಹುಲ್ಲು ಹೊದಿಸಿ, ಬದಿಗೆ ತಟ್ಟಿ ಕಟ್ಟಿಸಿದೆ. ಹೆಂಡತಿ ನೋಡಿ, “ಕೊಟ್ಟಿಗಿ ಛಲೋ ಆತು ಬಿಡ್ರಿ” ಎಂದಳು.

ಹೊಗೆಯಿಲ್ಲದ ಗಾಡಿ ಎಂದು ಎಲ್ಲರೂ ಹೊಗಳುತ್ತಾರೆ. ನಿಜ, ಇದು ಹೊಗೆ ಬಿಡುವುದಿಲ್ಲ. ಬಿಡುವುದು ಊರಿನ ಉತ್ತರದ ಕೊರಾಡಿ. ಅಲ್ಲಿ 660 ಮೆಗಾವಾಟಿನ ಮೂರು ಘಟಕಗಳು ಕಲ್ಲಿದ್ದಲು ಉರಿಸುತ್ತವೆ, ಪಕ್ಕದಲ್ಲೇ ಖಾಪರಖೇಡಾ. ಆಕಾಶ ತಿಳಿಯಾಗಿದ್ದ ದಿನ ನಮ್ಮ ಮಾಳಿಗೆಯಿಂದ ಚಿಮಣಿ ಕಾಣುತ್ತವೆ. ಅಲ್ಲಿಯ ಹಳ್ಳಿಗಳವರು ಬೂದಿಯೊಂದಿಗೆ ಬದುಕುತ್ತಾರೆ. ಪೆಟ್ರೋಲಿನ ಎಂಜಿನ್ ಸುಟ್ಟದ್ದರಲ್ಲಿ ಮುಕ್ಕಾಲು ಪಾಲು ಬಿಸಿಯಾಗಿ ಹಾಳಾಗುತ್ತದೆ, ವಿದ್ಯುತ್ ಮೋಟರು ಹಾಗಲ್ಲ. ಆದ್ದರಿಂದ ಲೆಕ್ಕದಲ್ಲಿ ನನ್ನದೇ ಮೇಲು ಎಂದು ಮಗ ಹೇಳುತ್ತಾನೆ. ಆದರೆ ಲೆಕ್ಕದಲ್ಲಿ ಮೇಲಿರುವುದು ಸಣ್ಣ ಕಾರು. ಎರಡು ಟನ್ನಿಗಿಂತ ಹೆಚ್ಚು ತೂಗುವ, ಅದರಲ್ಲಿ ಬ್ಯಾಟರಿಯೇ ಐದಾರು ಕ್ವಿಂಟಲ್ ಇರುವ ಗಾಡಿಯಲ್ಲಿ ಒಬ್ಬನೇ ಕೂತು ಕಳಮನಾದಿಂದ ಇತವಾರಿಗೆ ಹೋಗುವುದನ್ನು ಪರಿಸರ ಸೇವೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹೋರಿಗೆ ಅಖಾಡ ಬೇಕಲ್ಲ? ನಮ್ಮ ಅಖಾಡ ಸಮೃದ್ಧಿ ಮಹಾಮಾರ್ಗ. ನಾಗಪುರದಿಂದ ಮುಂಬಯಿ ಹತ್ತಿರದವರೆಗೆ 701 ಕಿಲೋಮೀಟರ್, ಮೊದಲಿಗೆ ಶಿರಡಿಯವರೆಗಿನ 520 ಕಿಲೋಮೀಟರ್ 2022ರ ಡಿಸೆಂಬರಿನಲ್ಲಿ ತೆರೆಯಿತು. ಕಾರುಗಳಿಗೆ 120ರ ಮಿತಿ. ಅದು ನನ್ನ ಕಾರಿನ ಕಸುವಿಗೆ ಅರ್ಧವೂ ಅಲ್ಲ. ಅಂದರೆ ಅಖಾಡದಲ್ಲೂ ಮೂಗುದಾರ ಬಿಚ್ಚುವಂತಿಲ್ಲ. ಬಿಚ್ಚಲೂಬಾರದು, ನೆಟ್ಟಗಿನ ಕಾಂಕ್ರೀಟ್ ದಾರಿಯಲ್ಲಿ ಟಯರು ಸಿಡಿದು, ಕಣ್ಣು ಮಂಪರಾಗಿ ಎಷ್ಟು ಜನ ಸತ್ತಿದ್ದಾರೆಂದು ವಿದರ್ಭದ ಪತ್ರಿಕೆ ಓದುವವರಿಗೆ ಗೊತ್ತು. ಒಂದು ಸಲ ಶಿರಡಿಗೆ ಹೊರಟಿದ್ದೆವು. ಬ್ಯಾಟರಿಯಲ್ಲಿ ಎಂಬತ್ತು ಚಿಲ್ಲರೆ ಯೂನಿಟ್. ಹೌದು, ಮನೆಯ ಮೀಟರಿನದೇ ಯೂನಿಟ್. 90ರಲ್ಲಿ ಹೋದರೆ ನೂರು ಕಿಲೋಮೀಟರಿಗೆ ಹದಿನಾರು ಯೂನಿಟ್ ತಿನ್ನುತ್ತದೆ, 120ರಲ್ಲಿ ಹೋದರೆ ಇಪ್ಪತ್ತೆರಡು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದಂತೆ. ಕಾಗದದ ಮೇಲಿನ ಐನೂರು ಕಿಲೋಮೀಟರು ಹೀಗೆ ಮುನ್ನೂರೆಪ್ಪತ್ತಕ್ಕೆ ಇಳಿಯುತ್ತದೆ. ನಡುದಾರಿಯಲ್ಲಿ ನಾವು ನಂಬಿಕೊಂಡಿದ್ದ ಚಾರ್ಜಿಂಗ್ ಯಂತ್ರದ ಪರದೆ ಕಪ್ಪಾಗಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗ ಬೆರಳು ತೋರಿಸಿ “ಬಂದ್” ಎಂದ, ಮತ್ತೆ ಫೋನು ನೋಡತೊಡಗಿದ.

ಅಲ್ಲಿಂದ ಜಾಲ್ನಾದವರೆಗೆ ಎಂಬತ್ತರಲ್ಲಿ ಹೋದೆವು. ಎಸಿ ಬಂದ್. ನಾಲ್ಕು ಸೆಕೆಂಡಿನಲ್ಲಿ ನೂರು ಮುಟ್ಟುವ ಕಾರನ್ನು ಹುಲ್ಲಿನ ಲಾರಿಯೊಂದು ಹಾರ್ನ್ ಹೊಡೆದು ಹಿಂದೆ ಹಾಕಿತು. ಮಗ ಗೇಲಿ ಮಾಡಬಹುದೆಂದು ಕಾದೆ, ಅವನು ಶೇಕಡಾವಾರು ಅಂಕಿಯ ಮೇಲಿಟ್ಟ ಕಣ್ಣು ತೆಗೆಯಲೇ ಇಲ್ಲ. ಬೇಸಿಗೆಯಲ್ಲಿ ನಮ್ಮಪ್ಪ ಬಾವಿಗೆ ಹಗ್ಗ ಬಿಟ್ಟು ಎಷ್ಟು ಮೊಳ ನೀರಿದೆ ಎಂದು ನೋಡುತ್ತಿದ್ದ ರೀತಿ ನನಗೆ ನೆನಪಾಯಿತು, ಅದೇ ಹುಬ್ಬುಗಂಟು. ಜಾಲ್ನಾ ಮುಟ್ಟಿದಾಗ 7 ಉಳಿದಿತ್ತು. ಮಗ ಆಗ ಉಸಿರು ಬಿಟ್ಟು, “ಬಾಬಾನ ಕೃಪಾ” ಎಂದ. ಎಂಜಿನಿಯರು ಅವನು.

ಇನ್ನು ಸೆಪ್ಟೆಂಬರಿನ ಕಥೆ. ವಿದರ್ಭದಲ್ಲಿ ಪೋಳಾ ಅಂದರೆ ನಮ್ಮ ಕಾರಹುಣ್ಣಿಮೆಯ ಹಾಗೆ ಎತ್ತುಗಳ ಹಬ್ಬ. ಮಾರನೆಯ ದಿನ ನಾಗಪುರದಲ್ಲಿ ತಾನ್ಹಾ ಪೋಳಾ, ಮಕ್ಕಳ ಪೋಳಾ. ಗಾಲಿಯ ಮೇಲಿನ ಕಟ್ಟಿಗೆಯ ಎತ್ತನ್ನು ಸಿಂಗರಿಸಿ, ಮಕ್ಕಳೂ ವೇಷ ಹಾಕಿಕೊಂಡು, ಹಗ್ಗ ಹಿಡಿದು ಎಳೆದುಕೊಂಡು ಹೋಗುತ್ತಾರೆ. ಮೊಮ್ಮಗಳು ಒನಕೆ ಓಬವ್ವ ಆಗಿದ್ದಳು. ಮಹಾಲ್ ಕಡೆ ಹೋಗಬೇಕಿತ್ತು. ಕಾರಿನ ಹತ್ತಿರ ಹೋದರೆ ಬಾಗಿಲಿನ ಹಿಡಿಕೆಯೇ ಹೊರಗೆ ಬರಲಿಲ್ಲ. ಈ ಕಾರುಗಳ ಹಿಡಿಕೆ ಮೈಯೊಳಗೆ ಅಡಗಿರುತ್ತದೆ, ಯಜಮಾನ ಬಂದನೆಂದು ತಿಳಿದಾಗ ಹೊರಗೆ ಚಾಚಿಕೊಳ್ಳುತ್ತದೆ. ಅವತ್ತು ಯಜಮಾನನ ಗುರುತು ಸಿಗಲಿಲ್ಲ. ದೊಡ್ಡ ಬ್ಯಾಟರಿಯಲ್ಲಿ ಅರವತ್ತು ಯೂನಿಟ್ ಇದೆ, ಕಾರು ಹೆಣದ ಹಾಗೆ ಬಿದ್ದಿದೆ.

ಸಹಾಯವಾಣಿಯವರು ನಾಳೆ ಎಂದರು. ಪಾರ್ಡಿ ಕಡೆಯಿಂದ ಒಬ್ಬ ಆಟೊ ಎಲೆಕ್ಟ್ರಿಶಿಯನ್ ಬಂದ, ಟೆಂಪೋ-ಟ್ರ್ಯಾಕ್ಟರಿನ ವೈರಿಂಗ್ ಮಾಡುವವನು. ಸುತ್ತು ನೋಡಿ, ಬಾಗಿಲಿನ ಸಣ್ಣ ಮುಚ್ಚಳ ಎಬ್ಬಿಸಿ, ಒಳಗಿದ್ದ ಬೀಗದ ತೂತಿಗೆ ಬೀಗದ ಕೈ ಹಾಕಿದ. ಆ ಬೀಗದ ಕೈ ರಿಮೋಟಿನ ಹೊಟ್ಟೆಯೊಳಗಿದೆ ಎಂದು ಐದು ತಿಂಗಳಿಂದ ನನಗೇ ಗೊತ್ತಿರಲಿಲ್ಲ. ಬಾನೆಟ್ ಕೆಳಗೆ ಒಂದು ಸಣ್ಣ 12 ವೋಲ್ಟಿನ ಬ್ಯಾಟರಿ, ಪೆಟ್ರೋಲ್ ಕಾರಿನಲ್ಲಿರುವಂಥದ್ದೇ. ಬಾಗಿಲು, ದೀಪ, ಗಣಕ ಎಲ್ಲ ಅದರ ಮೇಲೆ. ಅದು ಸತ್ತರೆ ದೊಡ್ಡದನ್ನು ಎಬ್ಬಿಸುವವರೇ ಇಲ್ಲ. ಅವನು ತನ್ನ ಟೆಂಪೋದ ಬ್ಯಾಟರಿಯಿಂದ ಎರಡು ವೈರು ಹಚ್ಚಿದ. ಪರದೆ ಬೆಳಗಿತು, ಹಿಡಿಕೆಗಳು ನಾಲ್ಕೂ ಕಡೆ ಟಕ್ಕೆಂದು ಚಾಚಿಕೊಂಡವು. ಇನ್ನೂರು ರೂಪಾಯಿ ತೆಗೆದುಕೊಂಡ. ಅಷ್ಟರಲ್ಲಿ ಓಬವ್ವ ಕಟ್ಟಿಗೆ ಎತ್ತನ್ನು ಎಳೆದುಕೊಂಡು ಓಣಿ ಎರಡು ಸುತ್ತು ಹಾಕಿ ಬಂದಾಗಿತ್ತು. ಆ ಗಾಲಿಗಳು ಕಿರ್ ಕಿರ್ ಎನ್ನುತ್ತಿದ್ದವು, ಎಣ್ಣೆ ಬೇಕಿತ್ತು, ಅಷ್ಟೇ.

ದೀಪಾವಳಿಗೆ ಊರಿಗೆ ಹೋದೆವು. ಹೈದರಾಬಾದ್ ಮೇಲಿಂದ ಸುಮಾರು ಸಾವಿರ ಕಿಲೋಮೀಟರ್, ಎರಡು ದಿನ. ಬ್ಯಾಡಗಿ ಪೇಟೆಯೊಳಗೆ ಒಯ್ಯಲಿಲ್ಲ, ಒಯ್ಯುವ ಮುಖ ನನಗಿರಲಿಲ್ಲ. ಮೋಟೆಬೆನ್ನೂರಿನ ಕಡೆಯಿಂದ ಸುತ್ತಿ ಕತ್ತಲಾದ ಮೇಲೆ ಹಳ್ಳಿ ಸೇರಿದೆವು. ಚಾರ್ಜ್ ಮಾಡಲು ತಮ್ಮನ ದನದ ಕೊಟ್ಟಿಗೆಯಲ್ಲಿ ಮಾತ್ರ ದೊಡ್ಡ ಪ್ಲಗ್ ಇತ್ತು, ಮೇವು ಕತ್ತರಿಸುವ ಯಂತ್ರದ್ದು. ಅದಕ್ಕೇ ಹಚ್ಚಿದೆವು. ಒಂದು ಕಡೆ ತಮ್ಮನ ಹೋರಿ, ಇನ್ನೊಂದು ಕಡೆ ನನ್ನದು. ಹಲಗೆ, ಪಟಾಕಿ, ಸಾವಿರ ಜನರ ಕೇಕೆಗೆ ಹೆದರದ ಆ ಪ್ರಾಣಿ ರಾತ್ರಿಯೆಲ್ಲ ಕಾರಿನ ಕಡೆಗೇ ಕಿವಿ ಮಾಡಿ ನಿಂತಿತ್ತಂತೆ. ಎರಡು ಗಂಟೆಗೆ ತಮ್ಮ ಬಂದು ನನ್ನನ್ನು ಎಬ್ಬಿಸಿದ.

“ಅಣ್ಣಾ, ನಿನ್ನ ಹೋರಿ ಉಸುರು ಬಿಡಾಕತ್ತೈತಿ. ನಮ್ಮದು ಮಲಗವಲ್ದು. ನಾಳೆ ಓಡೂದೈತಿ ಅದು.”

ಪ್ಲಗ್ ಕಿತ್ತೆ. ಬರೀ ಹತ್ತು ಯೂನಿಟ್ ಆಗಿತ್ತು.

ಮರುದಿನ ಅವನ ಹೋರಿ ಓಡಿತು. ಯಾರ ಕೈಗೂ ಸಿಗಲಿಲ್ಲ. ನಾನು ಎಣಿಸಿದೆ, ಒಂಬತ್ತು ಸೆಕೆಂಡು. ತಮ್ಮ ಅದರ ಹಿಂದೆ ಓಡಿದವನು ಹೊಲದಾಚೆ ಹಿಡಿದು, ಅದರ ಕೊರಳು ತಬ್ಬಿ ನಿಂತುಬಿಟ್ಟಿದ್ದ. ಇಪ್ಪತ್ತು ವರ್ಷ ಅವನಿಗೆ ಹೇಳಿದ್ದ ಬುದ್ಧಿ ಯಾವುದೂ ಆಗ ನನಗೆ ನೆನಪಿಗೆ ಬರಲಿಲ್ಲ. ಹೊರಡುವ ದಿನ ನಸುಕಿನಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೋದೆ. ರಸ್ತೆ ಖಾಲಿ. “ಬಿಡು ನೋಡೂಣು” ಎಂದ. ಬಿಟ್ಟೆ. ಅವನ ಟೋಪಿ ಹಿಂದಿನ ಸೀಟಿಗೆ ಹೋಯಿತು. ನಾಲ್ಕು ಸೆಕೆಂಡು, ಮತ್ತೆ ಕಾಲು ತೆಗೆದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಎಲ್ಲಾ ಐತಿ. ಕೊರಳಾಗ ಕೊಬ್ಬರಿ ಒಂದಿಲ್ಲ” ಎಂದ.

ಮನೆಗೆ ಬಂದು ತನ್ನ ಹೋರಿ ಗೆದ್ದ ಸರದಿಂದ ಐದು ಗಿಟಕು ಬಿಚ್ಚಿ, ದಾರಕ್ಕೆ ಪೋಣಿಸಿ, ಕಾರಿನ ಒಳಗನ್ನಡಿಗೆ ಕಟ್ಟಿದ. ಬೇಡವೆನ್ನಲಾಗಲಿಲ್ಲ. ಮುಂದಿನ ನೌತಪಾದ ಬಿಸಿಲಿಗೆ ಗಾಜಿನ ಹಿಂದೆ ಕೊಬ್ಬರಿ ಕಾದು, ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟಿತು. ಡ್ಯಾಶ್‌ಬೋರ್ಡಿನ ತೊಗಲಿನ ಮೇಲೆ ಅಂಗೈಯಗಲ ಕಲೆ. ಸರ್ವಿಸಿನ ಹುಡುಗ ಮೂರು ಬಗೆಯ ದ್ರಾವಣ ಹಾಕಿ ಒರೆಸಿದ, ಹೋಗಲಿಲ್ಲ. ಭಾಗವನ್ನೇ ಬದಲಿಸಬೇಕು, ಇಷ್ಟು ಸಾವಿರ ಆಗುತ್ತದೆ ಎಂದ. ಇರಲಿ ಬಿಡಪ್ಪಾ ಎಂದು ಗಾಜು ಇಳಿಸಿ ಯಾರ್ಡಿನ ಕಡೆ ತಿರುಗಿಸಿದೆ.